ಐದನೆಯ ಗಾಲಿಯೂ ಕೊರಳ ಭಾರವೂ

ಎತ್ತಿನ ಬಂಡಿಗೆ ಹೇರು ತುಂಬುವುದು ಒಂದು ವಿದ್ಯೆ. ಎರಡು ಗಾಲಿಯ ಬಂಡಿಯಲ್ಲಿ ಭಾರವು ಅಚ್ಚಿನ ಮುಂದಕ್ಕೆ ಹೆಚ್ಚಾದರೆ ಮೂಕಿ ತಗ್ಗಿ, ನೊಗವು ಎತ್ತುಗಳ ಹೆಗಲನ್ನು ಅಮುಕುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು, ಕೊರಳಿಗೆ ಕಟ್ಟಿದ ಪಟ್ಟಿ ಗಂಟಲನ್ನು ಬಿಗಿಯುತ್ತದೆ. ಆದುದರಿಂದ ಬಂಡಿ ಹೊಡೆಯುವವನು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಕೊರಳಿಗೆ ಬೀಳುವ ಭಾರವನ್ನು ಅಂದಾಜು ಮಾಡಿದ ಮೇಲೆಯೇ ಎತ್ತುಗಳನ್ನು ಹೂಡುತ್ತಿದ್ದನು. ನೊಗದ ಕೆಳಗೆ ಗೋಣಿಯ ತುಂಡನ್ನೋ ಹಳೆಯ ಬಟ್ಟೆಯನ್ನೋ ಸುತ್ತಿ ಮೆತ್ತಗೆ ಮಾಡುವುದೂ ಉಂಟು. ಅದು ಕರುಣೆಯ ಕೆಲಸವೇ. ಆದರೆ ಹೇರನ್ನು ಸರಿಪಡಿಸದೆ ನೊಗಕ್ಕೆ ಬಟ್ಟೆ ಸುತ್ತಿದವನನ್ನು ಊರು ಒಳ್ಳೆಯ ಬಂಡಿಕಾರನೆಂದು ಕರೆದಿರಲಾರದು.

ಈ ಹಳೆಯ ತಿಳಿವಳಿಕೆ ಇಂದು ಅಮೆರಿಕದ ಹೆದ್ದಾರಿಗಳಲ್ಲಿ ಬೇಕಾಗಿದೆ ಎಂದರೆ ನಮ್ಮ ಓದುಗರಿಗೆ ಅಚ್ಚರಿಯಾಗಬಹುದು. ನಮ್ಮ ಬಳಗದ ಅನೇಕರ ಮಕ್ಕಳು, ಒಡಹುಟ್ಟಿದವರು ಅಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಹೋಗಿ ಬಂದವರು ಗಾಲಿಗಳ ಮೇಲೆ ಸಾಗುವ ಮನೆಗಳನ್ನು ಕಂಡಿರುತ್ತಾರೆ. ಅವುಗಳಲ್ಲಿ ದೊಡ್ಡದು ‘ಫಿಫ್ತ್ ವೀಲ್’ ಎಂಬ ಜಾತಿಯದು. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲವೂ ಇರುವ ಈ ಟ್ರೇಲರಿನ ಮುಂಭಾಗವು ಪಿಕಪ್ ಟ್ರಕ್ಕಿನ ಹಿಂಬದಿಯ ತೊಟ್ಟಿಯ ಮೇಲಕ್ಕೆ ಚಾಚಿಕೊಂಡು, ಅಲ್ಲಿ ಕೂರಿಸಿದ ಒಂದು ಕೊಂಡಿಯ ಮೇಲೆ ತನ್ನ ಭಾರವನ್ನು ಇಳಿಸುತ್ತದೆ. ಈ ಕೊಂಡಿಯೇ ಹಿಚ್. ನಿವೃತ್ತರಾದ ದಂಪತಿಗಳು ಕಟ್ಟಿದ ಮನೆಯನ್ನು ಮಾರಿ ವರ್ಷವಿಡೀ ಇಂಥ ಮನೆಯಲ್ಲೇ ದೇಶ ಸುತ್ತುವುದು ಅಲ್ಲಿ ಅಪರೂಪವಲ್ಲ. ಅವರ ಮುಂದೆ ಅಂಗಡಿಯವನು ಇಡುವ ಒಂದು ಪ್ರಶ್ನೆ ನಮ್ಮ ಇಂದಿನ ವಿಷಯ: ಕುಲುಕಾಟವನ್ನು ನುಂಗುವ ಹಿಚ್ ಬೇಕೇ, ಬೇಕಾದರೆ ಯಾವುದು? ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಅದನ್ನು ಅಂಗಡಿ ಕೇಳುವುದು ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ಮಾತು. ಕುದುರೆ ಸಾರೋಟಿನ ಕಾಲದಲ್ಲಿ ನಾಲ್ಕು ಗಾಲಿಗಳು ನೆಲದ ಮೇಲೆ ಉರುಳುತ್ತಿದ್ದರೆ, ಮುಂದಿನ ಅಚ್ಚು ಎಡಬಲಕ್ಕೆ ತಿರುಗುವುದಕ್ಕಾಗಿ ಅದರ ಮೇಲೆ ಅಡ್ಡಲಾಗಿ ಮಲಗಿಸಿದ ಇನ್ನೊಂದು ಬಳೆ ಇರುತ್ತಿತ್ತು. ನೆಲವನ್ನೆಂದೂ ಮುಟ್ಟದ ಅದೇ ಐದನೆಯ ಗಾಲಿ. ಮೋಟಾರು ಬಂದ ಮೇಲೆ ಆ ಹೆಸರು ಟ್ರಕ್ಕಿನ ಬೆನ್ನಿನ ಮೇಲಿನ ತಟ್ಟೆಗೆ ಅಂಟಿಕೊಂಡಿತು. ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹೌಫ್ 1914ರಲ್ಲಿ ಗಿರಾಕಿಯೊಬ್ಬನ ದೋಣಿಯನ್ನು ಸಾಗಿಸಲು ಕಾರಿನ ಹಿಂದೆ ಹೂಡುವ ಗಾಡಿಯೊಂದನ್ನು ಮಾಡಿಕೊಟ್ಟನು. ಇಂದಿನ ಸೆಮಿ ಟ್ರೇಲರುಗಳ ವಂಶ ಅಲ್ಲಿಂದ ಬೆಳೆಯಿತೆನ್ನುತ್ತಾರೆ. ಮುಂಬಯಿಯ ಓದುಗರು ಈ ತಟ್ಟೆಯನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಾವಾ ಶೇವಾ ಬಂದರಿನ ಕಡೆಗೆ ಕಂಟೇನರ್ ಬಿಟ್ಟು ಹೊರಟ ಬರಿದಾದ ಟ್ರಕ್ಕಿನ ಬೆನ್ನಿನ ಮೇಲೆ ಕುದುರೆಲಾಳದಂತೆ ಬಾಯ್ದೆರೆದ, ಗ್ರೀಸು ಮೆತ್ತಿದ ಕಪ್ಪು ತಟ್ಟೆ ಕಾಣುತ್ತದೆಯಲ್ಲ, ಅದೇ ಇದು. ಟ್ರೇಲರಿನ ಕೆಳಗೆ ಇಳಿಬಿದ್ದ ದಪ್ಪ ಉಕ್ಕಿನ ಗೂಟ ಕಿಂಗ್‌ಪಿನ್. ಅದು ಆ ಬಾಯೊಳಗೆ ಸರಿದಾಗ ದವಡೆ ಮುಚ್ಚಿಕೊಳ್ಳುತ್ತದೆ.

ಕುಲುಕು ನುಂಗುವ ಕೊಂಡಿಯನ್ನು ಇತ್ತೀಚಿನ ಸುಖಲೋಲುಪತೆಯೆಂದು ಕಡೆಗಣಿಸುವವರಿದ್ದಾರೆ. ಇತಿಹಾಸ ಅವರ ಪರವಾಗಿಲ್ಲ. ಅಮೆರಿಕದ ವಿಮಾನಯಾನದ ಆದ್ಯರಲ್ಲಿ ಒಬ್ಬನಾದ ಗ್ಲೆನ್ ಕರ್ಟಿಸ್ 1920ರ ದಶಕದಲ್ಲಿ ‘ಏರೋಕಾರ್’ ಎಂಬ ಪ್ರವಾಸಿ ಟ್ರೇಲರನ್ನು ರೂಪಿಸಿದನು. ಅದನ್ನು ಎಳೆಯುವ ಕಾರಿನ ಹಿಂಭಾಗದಲ್ಲಿ ಗಾಳಿ ತುಂಬಿದ ಟೈರೊಂದನ್ನು ಅಡ್ಡಲಾಗಿ ಮಲಗಿಸಿ, ಟ್ರೇಲರಿನ ಗೂಟವನ್ನು ಅದರ ನಡುವೆ ಇಳಿಸಿದನು. ರಸ್ತೆಯ ಪೆಟ್ಟೆಲ್ಲ ಆ ಟೈರಿನೊಳಗೆ ಕರಗಿಹೋಗುತ್ತಿತ್ತು. ಐದನೆಯ ಗಾಲಿಯೆಂಬ ಹೆಸರು ಅಕ್ಷರಶಃ ನಿಜವಾದ ಸಂದರ್ಭವಿದು. ಆದರೆ ಈ ಕಥೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಏರೋಕಾರಿನ ಮೈಯನ್ನು ಕರ್ಟಿಸ್ ವಿಮಾನದ ಒಡಲಿನಂತೆ ಮರದ ಚೌಕಟ್ಟು ಮತ್ತು ಬಿಗಿದ ತಂತಿಗಳಿಂದ ಕಟ್ಟಿಸಿದ್ದನು. ಭಾರವೇ ವೈರಿಯೆಂಬುದು ವಿಮಾನ ಕಟ್ಟಿದವನಿಗೆ ಗೊತ್ತಿತ್ತು. ಅವನ ಮೆತ್ತನೆಯ ಕೊಂಡಿ ಹೊತ್ತದ್ದು ಹಗುರವಾದ ಮನೆಯನ್ನು. ಇಂದು ನಾವು ಅವನ ಕೊಂಡಿಯನ್ನು ಇಟ್ಟುಕೊಂಡು ಅವನ ಹಗುರತನವನ್ನು ಮರೆತಿದ್ದೇವೆ.

ಕುಲುಕು ಎಲ್ಲಿಂದ ಬರುತ್ತದೆ? ಒಂದೇ ಕಡೆಯಿಂದಲ್ಲ. ಹಿಂದುಮುಂದಿನ ಕುಲುಕು ಒಂದು ಬಗೆ: ಕಿಂಗ್‌ಪಿನ್ನಿಗೂ ಅದನ್ನು ಹಿಡಿದ ದವಡೆಗೂ ನಡುವೆ ಕೂದಲೆಳೆಯಷ್ಟು ಸಡಿಲವಿದ್ದರೂ ಹೊರಡುವಾಗ ಒಮ್ಮೆ, ನಿಲ್ಲುವಾಗ ಒಮ್ಮೆ ಉಕ್ಕು ಉಕ್ಕಿಗೆ ತಾಗಿ ಬೆನ್ನಿಗೆ ಗುದ್ದಿದಂತಾಗುತ್ತದೆ. ಮೇಲುಕೆಳಗಿನ ಕುಲುಕು ಇನ್ನೊಂದು ಬಗೆ: ಕಾಂಕ್ರೀಟ್ ಹೆದ್ದಾರಿಯ ಹಾಸುಗಳ ಜೋಡಣೆಗಳು ಒಂದೇ ಅಂತರದಲ್ಲಿರುವುದರಿಂದ, ಒಂದು ವೇಗದಲ್ಲಿ ಆ ಪೆಟ್ಟುಗಳ ತಾಳಕ್ಕೆ ಟ್ರಕ್ಕೂ ಟ್ರೇಲರೂ ಸೇರಿ ತೂಗಲಾರಂಭಿಸುತ್ತವೆ. ಮೂರನೆಯ ಬಗೆ ಕೊಂಡಿಗೆ ಸಂಬಂಧಿಸಿದ್ದೇ ಅಲ್ಲ. ಟ್ರೇಲರಿನ ಬ್ರೇಕನ್ನು ಮಂದವಾಗಿ ಹೊಂದಿಸಿದ್ದರೆ, ಟ್ರಕ್ಕು ನಿಲ್ಲಲು ಹೊರಟಾಗ ಟ್ರೇಲರು ನಿಲ್ಲದೆ ಮುಂದಕ್ಕೆ ನೂಕುತ್ತದೆ. ಟೈರಿನ ಗಾಳಿ ಸರಿಯಿಲ್ಲದಿದ್ದರೆ, ಟ್ರೇಲರು ಸಮತಟ್ಟಾಗಿ ನಿಲ್ಲದೆ ಮೂಗೆತ್ತಿಕೊಂಡು ಸಾಗುತ್ತಿದ್ದರೆ, ಅದರ ಪಟ್ಟಿ ಸ್ಪ್ರಿಂಗುಗಳ ಕೀಲುಗಳು ಸವೆದಿದ್ದರೆ, ಆ ದೋಷಗಳೆಲ್ಲ ಕೊನೆಗೆ ಬಂದು ಮುಟ್ಟುವುದು ಟ್ರಕ್ಕಿನ ಚಾಲಕನ ಬೆನ್ನನ್ನೇ. ಅವನು ಕೊಂಡಿಯನ್ನು ದೂರುತ್ತಾನೆ.

ಆದುದರಿಂದ ಆಯ್ಕೆಯ ಮೊದಲ ಹೆಜ್ಜೆ ಕೊಳ್ಳುವುದಲ್ಲ, ಹುಡುಕುವುದು. ಬ್ರೇಕಿನ ನಿಯಂತ್ರಕವನ್ನು ಹೊಂದಿಸಲು, ಟೈರಿಗೆ ಗಾಳಿ ತುಂಬಲು, ಹಿಚ್ಚಿನ ಎತ್ತರವನ್ನು ಬದಲಿಸಲು ಹೆಚ್ಚಿನ ಹಣ ಬೇಕಾಗಿಲ್ಲ. ಇವೆಲ್ಲವನ್ನೂ ಮಾಡಿದ ಮೇಲೆ ಉಳಿಯುವ ಕುಲುಕಿಗೆ ಮಾತ್ರ ಹೊಸ ಉಪಕರಣ ಬೇಕು.

ಆಗ ಯಾವುದನ್ನು ಕೊಳ್ಳುವುದು? ಮುಖ್ಯವಾಗಿ ಎರಡು ಜಾಗಗಳಲ್ಲಿ ಮೆತ್ತನೆಯ ಅಂಗವನ್ನು ಇಡಬಹುದು. ಒಂದು, ಟ್ರಕ್ಕಿನ ತೊಟ್ಟಿಯಲ್ಲಿರುವ ಹಿಚ್ಚಿನಲ್ಲಿ. ಇನ್ನೊಂದು, ಟ್ರೇಲರಿನ ಮೂಗಿನಲ್ಲಿ ಕಿಂಗ್‌ಪಿನ್ನನ್ನು ಹಿಡಿದಿರುವ ಪಿನ್ ಬಾಕ್ಸಿನಲ್ಲಿ. ಹಿಚ್ಚಿನಲ್ಲಿಟ್ಟರೆ ಅದರ ಹೆಚ್ಚುವರಿ ತೂಕವನ್ನು ಟ್ರಕ್ಕು ಹೊರಬೇಕು. ಪಿನ್ ಬಾಕ್ಸಿನಲ್ಲಿಟ್ಟರೆ ಅದು ಟ್ರೇಲರಿನೊಡನೆಯೇ ಇರುತ್ತದೆ, ಟ್ರಕ್ಕು ಬದಲಾದರೂ ಜೊತೆಗೆ ಬರುತ್ತದೆ. ಆದರೆ ಅದರ ತೂಕವೂ ಬಹುಮಟ್ಟಿಗೆ ಕಿಂಗ್‌ಪಿನ್ನಿನ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಬಾರದು.

ಮೆತ್ತನೆಯ ಅಂಗದಲ್ಲಿಯೂ ಎರಡು ಮಾರ್ಗಗಳಿವೆ. ಗಾಳಿಚೀಲದ್ದು ಮೇಲುಕೆಳಗಿನ ಪೆಟ್ಟಿಗೆ ಒಳ್ಳೆಯದು. ಆದರೆ ಅದರಲ್ಲಿನ ಗಾಳಿಯ ಒತ್ತಡವನ್ನು ಹೇರಿಗೆ ತಕ್ಕಂತೆ ಹೊಂದಿಸುತ್ತಿರಬೇಕು. ಕಡಿಮೆಯಾದರೆ ತಳ ಬಡಿಯುತ್ತದೆ, ಹೆಚ್ಚಾದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಚೀಲದ ಜೊತೆಗೆ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಒಂದು ಪೆಟ್ಟು ನಾಲ್ಕು ಸಲ ಪುಟಿಯುತ್ತದೆ. ಇನ್ನೊಂದು ಮಾರ್ಗ ರಬ್ಬರಿನದು. ಮೋರೈಡ್ ಎಂಬ ಕಂಪೆನಿಯ ಪಿನ್ ಬಾಕ್ಸಿನಂಥವುಗಳಲ್ಲಿ ದಪ್ಪ ರಬ್ಬರಿನ ತುಂಡುಗಳು ಒಂದಿಷ್ಟು ಜಗ್ಗಿ ಹಿಂದುಮುಂದಿನ ಎಳೆತವನ್ನು ತಾವೇ ನುಂಗುತ್ತವೆ. ಗಾಳಿ ಸೋರುವ ಚಿಂತೆ ಇಲ್ಲ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ, ಬಿರುಕು ಬಿಡುತ್ತದೆ, ಕಣ್ಣಿಟ್ಟಿರಬೇಕು. ಗುದ್ದು ಹಿಂದಿನಿಂದ ಬರುತ್ತಿದ್ದರೆ ರಬ್ಬರು, ತೂಗಾಟ ಮೇಲುಕೆಳಗಾಗಿದ್ದರೆ ಗಾಳಿಚೀಲ ಎಂಬುದು ಒರಟಾದರೂ ಉಪಯುಕ್ತವಾದ ಸೂತ್ರ. ಎರಡರಲ್ಲಿ ಯಾವುದಾದರೂ ಕಿಂಗ್‌ಪಿನ್ನನ್ನು ಸುತ್ತಲೂ ಬಿಗಿಯಾಗಿ ಅಪ್ಪುವ ದವಡೆ ಹಿಚ್ಚಿಗೆ ಇರಲೇಬೇಕು. ದವಡೆ ಸಡಿಲವಾಗಿದ್ದು ಪಿನ್ ಬಾಕ್ಸ್ ಮೆತ್ತಗಿದ್ದರೆ ಮುರಿದ ಬಾಗಿಲಿಗೆ ರೇಷ್ಮೆ ಪರದೆ ಹಾಕಿದಂತೆ.

ಇನ್ನು ಅಂಗಡಿ ಕೇಳದ ಪ್ರಶ್ನೆಗೆ ಬರುತ್ತೇವೆ. ಕೊರಳ ಮೇಲೆ ಬೀಳುವ ಭಾರ ಎಷ್ಟು?

ಫಿಫ್ತ್ ವೀಲ್ ಟ್ರೇಲರಿನ ಒಟ್ಟು ತೂಕದಲ್ಲಿ ಸಾಮಾನ್ಯವಾಗಿ 15ರಿಂದ 25 ಪ್ರತಿಶತ ಭಾಗ ಕಿಂಗ್‌ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಇಳಿಯುತ್ತದೆ. ಎಳೆಯುವವನ ಕೊರಳ ಮೇಲೆ ಒಂದಿಷ್ಟು ಭಾರ ಇರಲೇಬೇಕು. ಇಲ್ಲದಿದ್ದರೆ ಟ್ರೇಲರು ಎಡಬಲಕ್ಕೆ ಓಲಾಡುತ್ತದೆ. ಬಂಡಿಯ ಮೂಕಿಯ ಲೆಕ್ಕವೇ ಇದು. ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ತುಂಬಿದ ಟ್ರೇಲರು 5,400 ಕಿಲೋ ಇದೆಯೆನ್ನಿ. ಅದರ 20 ಪ್ರತಿಶತ 1,080 ಕಿಲೋ. ಹಿಚ್ಚಿನ ತೂಕ 90 ಕಿಲೋ, ಗಂಡಹೆಂಡಿರು 140 ಕಿಲೋ, ಟ್ರಕ್ಕಿನಲ್ಲಿಟ್ಟ ಸಾಮಾನು 60 ಕಿಲೋ. ಒಟ್ಟು 1,370 ಕಿಲೋ. ಈಗ ಟ್ರಕ್ಕಿನ ಚಾಲಕನ ಬಾಗಿಲನ್ನು ತೆರೆದು ಅದರ ಚೌಕಟ್ಟಿಗೆ ಅಂಟಿಸಿರುವ ಚೀಟಿಯನ್ನು ಓದಬೇಕು. ಜನ ಮತ್ತು ಸರಕು ಸೇರಿ ಎಷ್ಟು ತೂಕವನ್ನು ಮೀರಬಾರದೆಂದು ಅಲ್ಲಿ ಬರೆದಿರುತ್ತದೆ. ಅಮೆರಿಕದ ಮನೆಮನೆಯಲ್ಲಿ ಕಾಣುವ ಹಗುರ ವರ್ಗದ ಪಿಕಪ್ಪುಗಳಲ್ಲಿ ಅನೇಕದರ ಅಂಕಿ 700ರಿಂದ 900 ಕಿಲೋ ಆಸುಪಾಸಿನಲ್ಲಿರುತ್ತದೆ. ಅದೇ ಪಿಕಪ್ಪಿನ ಜಾಹೀರಾತು ಮಾತ್ರ 5 ಟನ್ನಿಗೂ ಹೆಚ್ಚು ಎಳೆಯಬಲ್ಲೆನೆಂದು ಸಾರುತ್ತದೆ. ಜಾಹೀರಾತು ಸುಳ್ಳಲ್ಲ. ಎಂಜಿನ್ನು ಎಳೆಯಬಲ್ಲುದು, ಬೆನ್ನು ಹೊರಲಾರದು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ ಎಂಬ ಈ ವ್ಯತ್ಯಾಸವನ್ನು ನಮ್ಮ ಬಂಡಿಕಾರ ಮೂಕಿ ಎತ್ತಿ ತಿಳಿದುಕೊಳ್ಳುತ್ತಿದ್ದನು. ಇಂದಿನವರು ಬಾಗಿಲು ತೆರೆದು ಓದಬೇಕು, ಅಷ್ಟೆ.

ಮೆತ್ತನೆಯ ಕೊಂಡಿ ಅಪಾಯಕಾರಿಯಾಗುವುದು ಇಲ್ಲಿಯೇ. ಗಾಳಿಚೀಲವಾಗಲಿ ರಬ್ಬರಾಗಲಿ ಪೆಟ್ಟಿನ ಮೊನೆಯನ್ನು ಮೊಂಡು ಮಾಡುತ್ತದೆಯೇ ಹೊರತು ನಿಂತ ಭಾರದಿಂದ ಒಂದು ಕಿಲೋವನ್ನೂ ಕಳೆಯುವುದಿಲ್ಲ. ಹಿಂದಿನ ಟೈರುಗಳು, ಅಚ್ಚು, ಬ್ರೇಕು ಹೊರುವುದನ್ನು ಹೊತ್ತೇ ಇರುತ್ತವೆ. ಮೊದಲು ಚಾಲಕನ ಬೆನ್ನು ನೋಯುತ್ತಿತ್ತು. ಆ ನೋವೇ ಒಂದು ಎಚ್ಚರಿಕೆಯಾಗಿತ್ತು. ಈಗ ನೋವು ಹೋಯಿತು, ಕಾರಣ ಉಳಿಯಿತು. ರಾಕಿ ಪರ್ವತಗಳ ದೀರ್ಘ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಬಿಡುವಾಗಲೋ ಬೇಸಗೆಯ ರಸ್ತೆಯಲ್ಲಿ ಟೈರು ಸಿಡಿಯುವಾಗಲೋ ಗೊತ್ತಾದರೆ ಪ್ರಯೋಜನವಿಲ್ಲ. ಆಗ ಅಪಾಯಕ್ಕೆ ಸಿಕ್ಕುವವರು ಆ ದಂಪತಿಗಳಷ್ಟೇ ಅಲ್ಲ. ಮುಂದಿನ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಟ ಅಪರಿಚಿತರೂ ಹೌದು. ಅವರು ಈ ಕೊಂಡಿಯನ್ನು ಆರಿಸಿದವರಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದು. ‘ತೂಕವೆಲ್ಲ ಸರಿಯಾಗಿದ್ದರೂ ಕುಲುಕು ಇದ್ದೇ ಇರುತ್ತದೆ, ಎಪ್ಪತ್ತರ ವಯಸ್ಸಿನ ಸೊಂಟ ದಿನಕ್ಕೆ ಐನೂರು ಕಿಲೋಮೀಟರು ಈ ಗುದ್ದನ್ನು ತಾಳಬೇಕೇ?’ ಎಂದು ಕೇಳಬಹುದು. ಖಂಡಿತ ಬೇಡ. ಪೆಟ್ಟು ಬೆನ್ನಿಗೆ ಮಾತ್ರವಲ್ಲ, ಟ್ರೇಲರಿನ ಚೌಕಟ್ಟಿಗೂ ಬೀಳುತ್ತದೆ. ಮೂಗಿನ ಭಾಗದ ಬೆಸುಗೆಗಳು ಬಿರಿಯುವುದು, ಕಪಾಟಿನ ತಿರುಪುಗಳು ಸಡಿಲುವುದು ಇದರಿಂದಲೇ. ತೂಕ ಹೊಂದಿಸಿಕೊಂಡವರಿಗೆ ಒಳ್ಳೆಯ ಪಿನ್ ಬಾಕ್ಸ್ ಕೊಟ್ಟ ಹಣಕ್ಕೆ ತಕ್ಕ ವಸ್ತುವೇ ಸರಿ. ನಾವು ವಿರೋಧಿಸುವುದು ಮೆತ್ತನೆಯನ್ನಲ್ಲ, ಮೆತ್ತನೆಯ ಹಿಂದೆ ಭಾರವನ್ನು ಬಚ್ಚಿಡುವುದನ್ನು.

ಸುಖವೂ ಸುರಕ್ಷತೆಯೂ ಯಾವಾಗಲೂ ಒಂದೇ ಅಲ್ಲ ಎಂಬುದಕ್ಕೆ ಹೊರನಾಡಿನ ನಮ್ಮೆಲ್ಲರಿಗೂ ಪರಿಚಿತವಾದ ಸಾಕ್ಷಿಯೊಂದಿದೆ. ಊರಿಗೆ ಹೋಗುವ ರೈಲು ನಡುರಾತ್ರಿ ಯಾವುದೋ ನಿಲ್ದಾಣ ಬಿಡುವಾಗ ಬರ್ತಿನಲ್ಲಿ ಮಲಗಿದವರನ್ನು ಜಗ್ಗಿ ಎಬ್ಬಿಸುವುದನ್ನು ಈಚಿನ ವರ್ಷಗಳಲ್ಲಿ ಎಲ್ಲರೂ ಅನುಭವಿಸಿದ್ದೇವೆ. ಪೆರಂಬೂರಿನ ಕಾರ್ಖಾನೆಯ ಹಳೆಯ ಮಾದರಿಯ ಬೋಗಿಗಳಲ್ಲಿ ತಿರುಪಿನ ಕೊಂಡಿಯೂ ಎರಡು ಬದಿಗೆ ಬಫರುಗಳೂ ಇದ್ದವು. ಬಫರುಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತಿದ್ದುದರಿಂದ ಜಗ್ಗಾಟ ಕಡಿಮೆ. ಆ ಮಾದರಿಯ ತಯಾರಿಕೆ ಅಲ್ಲಿ 2018ರ ಜನವರಿಯಲ್ಲಿ ನಿಂತಿತು. ಅದರ ಜಾಗಕ್ಕೆ ಬಂದ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳಲ್ಲಿ ನಡುವೆ ಒಂದೇ ಕೊಂಡಿ. ಮೊದಮೊದಲು ಅದರ ಜಗ್ಗಾಟದ ಬಗ್ಗೆ ದೂರುಗಳು ಬಂದವು, ಪೆಟ್ಟು ನುಂಗುವ ಅಂಗವನ್ನು ರೈಲ್ವೆ ಸುಧಾರಿಸಬೇಕಾಯಿತು. ಆದರೆ ಅಪಘಾತದಲ್ಲಿ ಒಂದು ಬೋಗಿ ಇನ್ನೊಂದರ ಮೇಲೆ ಹತ್ತಿ ಸೀಳುವುದನ್ನು ತಡೆಯಲು ಈ ನಡುಗೊಂಡಿ ಹಳೆಯದಕ್ಕಿಂತ ಸಮರ್ಥ. ನಿದ್ದೆ ಕೆಡಿಸುವ ಕೊಂಡಿಯೇ ಜೀವ ಉಳಿಸುವ ಕೊಂಡಿ. ಸರಿಯಾದ ಕ್ರಮವೂ ಇದೇ: ಮೊದಲು ಜೀವ ಉಳಿಸುವುದನ್ನು ಆರಿಸಬೇಕು, ಆಮೇಲೆ ಅದನ್ನು ಮೆತ್ತಗೆ ಮಾಡಬೇಕು.

ಆದುದರಿಂದ ಅಮೆರಿಕದಲ್ಲಿರುವ ತಮ್ಮವರು ಇಂಥ ಮನೆ ಕೊಳ್ಳುವ ಮಾತೆತ್ತಿದಾಗ ನಮ್ಮ ಓದುಗರು ಹೇಳಬಹುದಾದ ಕ್ರಮವನ್ನು ಇಲ್ಲಿ ಇಡುತ್ತೇವೆ. ಟ್ರೇಲರನ್ನು ನೀರು, ಪಾತ್ರೆ, ಬಟ್ಟೆ ಸಹಿತ ಪ್ರವಾಸಕ್ಕೆ ಹೊರಟಂತೆಯೇ ತುಂಬಬೇಕು. ಕಾರ್ಖಾನೆಯ ಪುಸ್ತಿಕೆಯಲ್ಲಿರುವ ಖಾಲಿ ತೂಕ ಯಾರ ಪ್ರವಾಸದ ತೂಕವೂ ಅಲ್ಲ. ಹೆದ್ದಾರಿಯ ಬದಿಯ ಟ್ರಕ್ ನಿಲ್ದಾಣಗಳಲ್ಲಿ ವೇಬ್ರಿಡ್ಜುಗಳಿವೆ. ಅಲ್ಲಿ ಟ್ರೇಲರು ಹೂಡಿದ ಟ್ರಕ್ಕಿನ ಅಚ್ಚುಗಳ ತೂಕವನ್ನು ಒಮ್ಮೆ, ಬಿಚ್ಚಿದ ಬರಿಯ ಟ್ರಕ್ಕನ್ನು ಇನ್ನೊಮ್ಮೆ ತೂಗಬೇಕು. ಎರಡರ ವ್ಯತ್ಯಾಸವೇ ಕೊರಳ ಭಾರ. ಅದು ಬಾಗಿಲಿನ ಚೀಟಿಯ ಅಂಕಿಗೆ ಹೊಂದದಿದ್ದರೆ ಹಿಚ್ಚಿನ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. ಟ್ರಕ್ಕು ದೊಡ್ಡದಾಗಬೇಕು ಅಥವಾ ಮನೆ ಚಿಕ್ಕದಾಗಬೇಕು. ಹೊಂದಿದರೆ ಹಿಚ್, ಪಿನ್ ಬಾಕ್ಸ್, ತೊಟ್ಟಿಯ ತಳಕ್ಕೆ ಬಿಗಿಯುವ ಕಂಬಿಗಳು, ಇವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಾಮರ್ಥ್ಯದ್ದೇ ಇಡೀ ಜೋಡಣೆಯ ಸಾಮರ್ಥ್ಯವೆಂದು ತಿಳಿಯಬೇಕು. ಟ್ರಕ್ಕಿನ ತೊಟ್ಟಿ ಗಿಡ್ಡವಾಗಿದ್ದರೆ ತಿರುವಿನಲ್ಲಿ ಟ್ರೇಲರಿನ ಮೂಗು ಕ್ಯಾಬಿನ್ನಿನ ಗಾಜಿಗೆ ಬಡಿಯಬಹುದು. ಹಿಂದಕ್ಕೆ ಸರಿಯುವ ಹಿಚ್ ಬೇಕಾಗುತ್ತದೆ. ಉದ್ದನೆಯ ಅಡಾಪ್ಟರನ್ನು ಪಿನ್ನಿಗೆ ಜೋಡಿಸಿ ಗುಂಡಿನ ಕೊಂಡಿಗೆ ಸಿಕ್ಕಿಸುವ ಅಗ್ಗದ ದಾರಿಯೂ ಇದೆ. ಆದರೆ ಸನ್ನೆಗೋಲು ಉದ್ದವಾದಷ್ಟೂ ಚೌಕಟ್ಟಿನ ಮೇಲಿನ ತಿರುಚು ಹೆಚ್ಚುತ್ತದೆ. ಚೌಕಟ್ಟು ಮಾಡಿದವರ ಒಪ್ಪಿಗೆಯಿಲ್ಲದೆ ಅದನ್ನು ಮಾಡಬಾರದು.

ಕೊನೆಯದಾಗಿ, ಯಾವ ಬೆಲೆಯ ಹಿಚ್ ಆದರೂ ಮಾಡಲಾರದ ಕೆಲಸವೊಂದಿದೆ. ಕಿಂಗ್‌ಪಿನ್ ದವಡೆಯೊಳಗೆ ಕೂರದೆ ಅದರ ಮೇಲೆ ಕುಳಿತಿದ್ದರೂ ಹೊರಗಿನಿಂದ ಎಲ್ಲವೂ ಸರಿಯಿದ್ದಂತೆ ಕಾಣಬಹುದು. ಹೊರಟ ಕೂಡಲೇ ಟ್ರೇಲರು ಜಾರಿ ಟ್ರಕ್ಕಿನ ತೊಟ್ಟಿಯ ಮೇಲೆ ಕುಸಿಯುತ್ತದೆ. ಆದ್ದರಿಂದ ಹೂಡಿದ ಮೇಲೆ ಬಗ್ಗಿ, ಟಾರ್ಚು ಹಾಕಿ, ದವಡೆ ಮುಚ್ಚಿದೆಯೇ ಎಂದು ಕಣ್ಣಿನಿಂದ ನೋಡಬೇಕು. ಟ್ರೇಲರಿನ ಊರುಗಾಲುಗಳನ್ನು ಇನ್ನೂ ನೆಲದಲ್ಲೇ ಬಿಟ್ಟು, ಅದರ ಬ್ರೇಕು ಹಿಡಿದು, ಟ್ರಕ್ಕನ್ನು ಮೆಲ್ಲನೆ ಮುಂದಕ್ಕೆ ಎಳೆದು ಪರೀಕ್ಷಿಸಬೇಕು. ಕೊಂಡಿ ಕಳಚಿದರೆ ಟ್ರೇಲರಿನ ಬ್ರೇಕನ್ನು ತಾನೇ ಹಾಕುವ ತಂತಿಯನ್ನು ಟ್ರಕ್ಕಿಗೆ ಸಿಕ್ಕಿಸಬೇಕು. ಎರಡು ನಿಮಿಷದ ಕೆಲಸ.

ನಮ್ಮ ದೇಶದಲ್ಲಿಯೂ ಗಾಲಿಮನೆಗಳ ಆಸೆ ಚಿಗುರುತ್ತಿದೆ. 2021ರಲ್ಲಿ ಕೇರಳವು ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯನ್ನು ಪ್ರಕಟಿಸಿತು. ಇಲ್ಲಿ ಸದ್ಯ ಹೆಚ್ಚಾಗಿ ಕಾಣುವುದು ಬಸ್ಸಿನಂತೆ ಒಂದೇ ಮೈಯ ವಾಹನಗಳು. ನಾಳೆ ಎಳೆಯುವ ಮನೆಗಳೂ ಬಂದಾವು. ಅಳತೆ ಮೀರಿ ಹೇರುವುದನ್ನು ಜಾಣತನವೆಂದು ಕಾಣುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಖಂಡಾಲ ಘಟ್ಟವನ್ನು ಇಳಿಯುವ ತುಂಬಿದ ಟ್ರಕ್ಕುಗಳ ಬ್ರೇಕಿನ ಸುಟ್ಟ ವಾಸನೆ ಪುಣೆ ಮುಂಬಯಿಗಳ ನಡುವೆ ಓಡಾಡುವವರಿಗೆ ಹೊಸದಲ್ಲ. ಅಂಥ ರಸ್ತೆಗೆ ಕುಲುಕೇ ತಿಳಿಯದ ಕೊಂಡಿಯೊಂದು ಮೊದಲು ಬಂದು, ತೂಗುವ ಅಭ್ಯಾಸ ಆಮೇಲೆ ಬರುವುದಾದರೆ ಅದಕ್ಕಿಂತ ಕೆಟ್ಟ ಅನುಕ್ರಮವಿಲ್ಲ. ಎತ್ತು ಬಾಯಿಬಿಟ್ಟು ಹೇಳದಿದ್ದರೂ ಬಂಡಿಕಾರನಿಗೆ ಅದರ ಹೆಗಲ ಬಾವು ಕಾಣುತ್ತಿತ್ತು. ಉಕ್ಕಿನ ಹೆಗಲಿಗೆ ಬಾವು ಬರುವುದಿಲ್ಲ. ಅದರ ಪರವಾಗಿ ತೂಗಿ ನೋಡುವ ಕೆಲಸ ಎಳೆಸಿಕೊಳ್ಳುವ ನಮ್ಮದೇ.